ನೂರೆಂಟು ಎಂದರೆ ಎಷ್ಟು?

ಮಕ್ಕಳೇ, ‘ನನಗೆ ನೂರೆಂಟು ಕೆಲಸ ಇದೆ, ತಲೆ ತಿನ್ನಬೇಡ’ ಎಂದು ಅಮ್ಮ ಗದರಿದಾಗ ಆ ಕೆಲಸಗಳನ್ನು ಎಂದಾದರೂ ಎಣಿಸಿದ್ದೀರಾ? ಎಣಿಸಿದರೆ ಸರಿಯಾಗಿ 108 ಸಿಗುವುದಿಲ್ಲ. ಅಲ್ಲಿ ನೂರೆಂಟು ಎಂದರೆ ‘ತುಂಬಾ’ ಎಂದಷ್ಟೇ ಅರ್ಥ.

ಇಂಗ್ಲಿಷಿನಲ್ಲಿ ಇದಕ್ಕೆಂದೇ ತಮಾಷೆಯ ಪದಗಳಿವೆ. ಮಿಲಿಯನ್ ಎಂದರೆ 10 ಲಕ್ಷ, ಬಿಲಿಯನ್ ಎಂದರೆ 100 ಕೋಟಿ. ಇವು ನಿಜವಾದ ಸಂಖ್ಯೆಗಳು. ಇದೇ ಧಾಟಿಯಲ್ಲಿ ‘ಜಿಲಿಯನ್’, ‘ಗಜಿಲಿಯನ್’ ಎಂಬ ಪದಗಳನ್ನು ಕಟ್ಟಿದ್ದಾರೆ. ಥರ್ಟೀನ್, ಫೋರ್ಟೀನ್‌ಗಳ ಹಾಗೆ ಕೇಳುವ ‘ಅಂಪ್ಟೀನ್’ ಕೂಡ ಇದೆ. ಆದರೆ ಜಿಲಿಯನ್‌ಗೆ ಎಷ್ಟು ಸೊನ್ನೆ? ಯಾರೂ ಹೇಳಲಾರರು. ಅದು ಸಂಖ್ಯೆಯ ವೇಷ ಹಾಕಿದ ಪದ!

ಹಾಗಾದರೆ ಹೊಸದಾಗಿ ಕಟ್ಟಿದ ಪದಗಳೆಲ್ಲ ಪೊಳ್ಳೇ? ಅಲ್ಲ. 1ರ ಮುಂದೆ 100 ಸೊನ್ನೆ ಬರೆದರೆ ಬರುವ ಸಂಖ್ಯೆಗೆ ‘ಗೂಗಾಲ್’ ಎಂದು ಹೆಸರು. ಅಮೆರಿಕದ ಗಣಿತಜ್ಞ ಎಡ್ವರ್ಡ್ ಕಾಸ್ನರ್ ಅವರ ಬಂಧುವಾದ 9 ವರ್ಷದ ಹುಡುಗ ಈ ಹೆಸರು ಸೂಚಿಸಿದನೆಂದು 1940ರಲ್ಲಿ ಪ್ರಕಟವಾದ ಅವರ ಪುಸ್ತಕ ಹೇಳುತ್ತದೆ. ಇದೂ ತಮಾಷೆಯ ಹೆಸರೇ. ಆದರೆ ಇದರ ಬೆಲೆ ನಿಗದಿಯಾಗಿದೆ. ಆದ್ದರಿಂದ ಇದು ಸಂಖ್ಯೆ.

ನನ್ನ ಅಭಿಪ್ರಾಯ ಇಷ್ಟೇ: ಮಾತಿನಲ್ಲಿ ನೂರೆಂಟೂ ಇರಲಿ, ಜಿಲಿಯನ್ನೂ ಇರಲಿ. ವಿಜ್ಞಾನದ ನೋಟ್‌ಬುಕ್ಕಿನಲ್ಲಿ ಮಾತ್ರ ಬೇಡ. ಕಾಫಿ ಹಣ್ಣು ಕುಯ್ದವರಿಗೆ ಕಿಲೋ ಲೆಕ್ಕದಲ್ಲಿ ಕೂಲಿ ಕೊಡುವಾಗ, ತೂಕದ ಪುಸ್ತಕದಲ್ಲಿ ‘ಲೆಕ್ಕವಿಲ್ಲದಷ್ಟು’ ಎಂದು ಬರೆದರೆ ಅವರಿಗೆ ಎಷ್ಟು ಹಣ ಕೊಡಬೇಕು? ನೀವೇ ಹೇಳಿ.

ಎಲ್ಲವನ್ನೂ ಒಂದೊಂದಾಗಿ ಎಣಿಸಲು ಆಗದು, ನಿಜ. ಹೂಮಳೆ ಬಿದ್ದು ಸುಮಾರು ಹತ್ತು ದಿನಕ್ಕೆ ನಮ್ಮ ಕಳಸದ ತೋಟಗಳು ಬೆಳ್ಳಗಾಗುತ್ತವೆ. ಆಗ ಒಂದು ಕಾಫಿ ಗಿಡದಲ್ಲಿ ಎಷ್ಟು ಹೂವಿದೆ ಎಂದು ಅಂದಾಜು ಮಾಡಬಹುದು. ಹೂ ಕೀಳಬೇಡಿ. ಒಂದು ಗಿಣ್ಣಿನಲ್ಲಿ 15 ಹೂ, ಒಂದು ರೆಂಬೆಯಲ್ಲಿ ಹೂಬಿಟ್ಟ 8 ಗಿಣ್ಣು, ಗಿಡದಲ್ಲಿ ಅಂಥ 40 ರೆಂಬೆ ಇವೆ ಎಂದುಕೊಳ್ಳಿ. 15 × 8 × 40 = 4,800 ಹೂಗಳು! ಎಲ್ಲ ರೆಂಬೆಗಳೂ ಒಂದೇ ಸಮ ಇರುವುದಿಲ್ಲ. ಆದ್ದರಿಂದ ನಾಲ್ಕೈದು ರೆಂಬೆಗಳನ್ನು ನೋಡಿ ಸರಾಸರಿ ತೆಗೆಯಿರಿ.

ಈ ಉತ್ತರ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು. ಆದರೂ ಬರೆದಿಟ್ಟುಕೊಳ್ಳಿ. ಮುಂದಿನ ವರ್ಷ ಅದೇ ಗಿಡವನ್ನು ಹೀಗೆಯೇ ಎಣಿಸಿದರೆ ಹೂ ಹೆಚ್ಚಾಯಿತೋ ಕಡಿಮೆಯಾಯಿತೋ ತಿಳಿಯುತ್ತದೆ. ಎರಡು ವರ್ಷವೂ ‘ನೂರೆಂಟು ಹೂ’ ಎಂದೇ ಬರೆದರೆ ಏನು ತಿಳಿಯುತ್ತದೆ?