ಸೇತುವೆ ಕೆಳಗಿನವರಿಗೂ ಒಂದು ಕಾಲಂ ಬೇಕು

ಕಾಳಿ ನದಿ ಸೇತುವೆ ವಿಷಯದಲ್ಲಿ ಒಂದು ಮಾತು ಬಾಕಿ ಉಳಿದಿದೆ. ಯಾರಾದರೂ ಹೇಳ್ತಾರೇನೋ ಅಂತ ಕಾದೆ. ಹೇಳಲಿಲ್ಲ. ಪೋಸ್ಟ್ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

2024ರ ಆಗಸ್ಟ್ 7ರ ನಡುರಾತ್ರಿ, ಸುಮಾರು ಒಂದು ಗಂಟೆ ಹೊತ್ತಿಗೆ, ಕಾರವಾರದ ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಹಳೇ ಸೇತುವೆ ಕುಸಿದು ನದಿಗೆ ಬಿತ್ತು. 41 ವರ್ಷದ ಸೇತುವೆ. ಗೋವಾ ಕಡೆಗೆ ಹೋಗೋ ರಾಷ್ಟ್ರೀಯ ಹೆದ್ದಾರಿ 66ರ ಸೇತುವೆ. ಒಂದು ಲಾರಿ ನೀರಿಗೆ ಬಿತ್ತು. ತಮಿಳುನಾಡಿನ ಚಾಲಕ ಮುಳುಗ್ತಿದ್ದ ಲಾರಿ ಮೇಲೆ ನಿಂತು ಜೀವ ಹಿಡಕೊಂಡಿದ್ದ. ಆ ಕತ್ತಲಲ್ಲಿ, ಆ ಮಳೆಗಾಲದ ಹರಿವಲ್ಲಿ ಅವನನ್ನ ದಡಕ್ಕೆ ತಂದಿದ್ದು ಪೊಲೀಸರು ಮತ್ತು ಸ್ಥಳೀಯ ಮೀನುಗಾರರು.

ಆಮೇಲೆ ಏನಾಯ್ತು? ಪಕ್ಕದ ಹೊಸ ಸೇತುವೆ ಗಟ್ಟಿ ಇದೆಯಾ ಅಂತ ಪರೀಕ್ಷೆ ಮಾಡಿದರು. ಸರಿ. ಹೆದ್ದಾರಿ ಪ್ರಾಧಿಕಾರ ಮತ್ತು ಗುತ್ತಿಗೆ ಕಂಪನಿ ಮೇಲೆ ಪ್ರಕರಣ ದಾಖಲಾಯ್ತು. ಸರಿ. ವಾಹನ ಎಲ್ಲ ಹೊಸ ಸೇತುವೆ ಮೇಲೆ ಓಡಿದವು. ಅಲ್ಲಿಗೆ ದೇಶಕ್ಕೆ ಸಮಸ್ಯೆ ಮುಗೀತು. ಆದರೆ ಆ ಕಾಂಕ್ರೀಟು, ಆ ಕಂಬಿ, ಆ ಕಂಬಗಳು ಬಿದ್ದಿದ್ದು ಎಲ್ಲಿ? ನದಿಯಲ್ಲಿ. ಅದನ್ನ ಎತ್ತೋ ಕೆಲಸ ತಿಂಗಳುಗಟ್ಟಲೆ ನಡೀತು. ಲಾರಿಗೆ ಬೇರೆ ದಾರಿ ಸಿಕ್ಕಿತು. ದೋಣಿಗೆ?

ನದಿಯೂ ರಸ್ತೆಯೇ ಸ್ವಾಮಿ. ಅದರ ಮೇಲೆ ಹೋಗೋರು ಮನುಷ್ಯರೇ.

ಮೊದಲೇ ಹೇಳಿಬಿಡ್ತೀನಿ, ಯಾರೂ ನನ್ನನ್ನ 'ಅಭಿವೃದ್ಧಿ ವಿರೋಧಿ' ಅನ್ನಬೇಡಿ. ಹೊಸ ಸೇತುವೆ ಬೇಕೇ ಬೇಕು. ಮುಪ್ಪಾದ ಸೇತುವೆಯನ್ನ ಹಾಗೇ ಬಿಟ್ಟರೆ ಏನಾಗುತ್ತೆ ಅಂತ ಗುಜರಾತ್ ತೋರಿಸಿದೆ. 2022ರ ಅಕ್ಟೋಬರ್ 30ರಂದು ಮೋರ್ಬಿಯಲ್ಲಿ 135 ಜನ ಸತ್ತರು. 2025ರ ಜುಲೈ 9ರಂದು ಗಂಭೀರಾ ಸೇತುವೆ ವಾಹನಗಳ ಸಮೇತ ಮಹಿಸಾಗರ ನದಿಗೆ ಬಿದ್ದು ಸುಮಾರು 20 ಜನ ಹೋದರು. ಸೇತುವೆ ಇಲ್ಲದ ಸಂಕಟ ಏನು ಅಂತ ಶರಾವತಿ ಹಿನ್ನೀರಿನ ಜನರನ್ನ ಕೇಳಿ. ಲಿಂಗನಮಕ್ಕಿ ಅಣೆಕಟ್ಟಿನ ನೀರು ಊರು ನುಂಗಿದ ಮೇಲೆ ಕರೂರು ಬಾರಂಗಿ ಕಡೆಯವರು ಆರು ದಶಕ ಲಾಂಚ್ ಕಾದರು. ಬಸುರಿ ಹೆಂಗಸರೂ ಕಾದರು, ಶವಗಳೂ ಕಾದವು. 2025ರ ಜುಲೈ 14ಕ್ಕೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಆಯ್ತು. ಅದಕ್ಕೆ ನಾನೂ ಖುಷಿಪಟ್ಟೋನು.

ಹಾಗಾಗಿ ಸೇತುವೆ ಬೇಕಾ ಬೇಡವಾ ಅನ್ನೋದು ಇಲ್ಲಿ ಪ್ರಶ್ನೆಯಲ್ಲ. ಸೇತುವೆ ಯಾರನ್ನ ಲೆಕ್ಕಕ್ಕೆ ತಗೊಂಡು ಕಟ್ತೀರಿ, ಅದು ಪ್ರಶ್ನೆ.

ನಾನು ಕಚೇರಿ ಗುಮಾಸ್ತ. ಕಡತ ಹೇಗೆ ನಡೆಯುತ್ತೆ ಗೊತ್ತು. ನಮೂನೆಯಲ್ಲಿ ಕಾಲಂ ಇದ್ದರೆ ಮನುಷ್ಯ ಇದ್ದಾನೆ, ಇಲ್ಲದಿದ್ದರೆ ಇಲ್ಲ. ಸೇತುವೆ ಯೋಜನೆ ಮಾಡೋವಾಗ ದಿನಕ್ಕೆ ಎಷ್ಟು ಲಾರಿ, ಎಷ್ಟು ಬಸ್ಸು, ಎಷ್ಟು ಕಾರು, ಎಷ್ಟು ಬೈಕು ಅಂತ ಹುಡುಗರನ್ನ ಕೂರಿಸಿ ಎಣಿಸ್ತಾರೆ. ಅದನ್ನ ನೋಡಿ ಎರಡು ಪಥವೋ ನಾಲ್ಕು ಪಥವೋ ತೀರ್ಮಾನ ಆಗುತ್ತೆ. ಅದೇ ಸೇತುವೆ ಅಡಿಯಲ್ಲಿ ದಿನಕ್ಕೆ ಎಷ್ಟು ದೋಣಿ ಹೋಗ್ತವೆ, ಯಾವ ಹೊತ್ತಲ್ಲಿ ಹೋಗ್ತವೆ, ಭರತ ಇದ್ದಾಗ ತಲೆ ಮೇಲೆ ಎಷ್ಟು ಜಾಗ ಉಳಿಯುತ್ತೆ ಅಂತ ದಡದಲ್ಲಿ ಕೂತು ಎಣಿಸಿದವರನ್ನ ನೀವು ನೋಡಿದ್ದೀರಾ?

ನೀರಿನ ಮೇಲೆ ಕೆಲಸ ಮಾಡೋನಿಗೆ ಸೇತುವೆ ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ.

ಹಳೇ ಸೇತುವೆ ಪಕ್ಕದಲ್ಲಿ ಹೊಸದು ಬಂದರೆ ನದಿಯೊಳಗೆ ಎರಡು ಸಾಲು ಕಂಬ ಆಗುತ್ತೆ. ಎರಡೂ ಸಾಲು ಒಂದೇ ನೇರಕ್ಕೆ ಇಲ್ಲದಿದ್ದರೆ ದೋಣಿ ಒಂದು ಕಂಡಿಯಲ್ಲಿ ನುಗ್ಗಿ, ಸೆಳೆತದ ಮಧ್ಯೆ ಅಡ್ಡ ತಿರುಗಿಸಿ, ಇನ್ನೊಂದು ಕಂಡಿಗೆ ಹೋಗಬೇಕು. ಕಂಬದ ಬುಡದಲ್ಲಿ ನೀರು ಸುಳಿ ಹೊಡೆಯುತ್ತೆ, ಅದರ ಹಿಂದೆ ಮರಳು ಕೂರುತ್ತೆ. ಕೆಲಸ ನಡೆಯೋವಾಗ ಯಂತ್ರ ನಿಲ್ಲಿಸೋಕೆ ನದಿಗೆ ಮಣ್ಣು ತುಂಬಿ ದಾರಿ ಮಾಡ್ತಾರೆ. ಕೆಲಸ ಮುಗಿದ ಮೇಲೆ ಆ ಮಣ್ಣನ್ನ ಪೂರ್ತಿ ತೆಗೀದಿದ್ದರೆ ಅದೇ ದಿಬ್ಬ ಆಗುತ್ತೆ. ಹಳೇ ಕಂಬವನ್ನ ನೀರಿನ ಮಟ್ಟಕ್ಕೆ ಕತ್ತರಿಸಿ ಬಿಟ್ಟರೆ ಇನ್ನೂ ಕೆಟ್ಟದ್ದು. ಇಳಿತ ಇದ್ದಾಗ ಕಾಣುತ್ತೆ, ಭರತ ಬಂದಾಗ ಕಾಣಲ್ಲ. ಕಾಣದ ಕಂಬಿಗೆ ಬಲೆ ಸಿಕ್ಕಿದರೆ ಬಲೆ ಹೋಯ್ತು, ಇಂಜಿನ್ ಫ್ಯಾನ್ ತಾಗಿದರೆ ಫ್ಯಾನ್ ಹೋಯ್ತು, ದೋಣಿ ತಳ ತಾಗಿದರೆ ಜೀವ ಹೋಯ್ತು. ಕಾಳಿಯಲ್ಲಿ ಇನ್ನೊಂದು ಭಯ ಇದೆ. ಮೇಲೆ ಕದ್ರಾ ಅಣೆಕಟ್ಟು. ಮಳೆಗಾಲದಲ್ಲಿ ಗೇಟ್ ತೆಗೆದರೆ ನೀರಿನ ವೇಗವೇ ಬೇರೆ. ಆ ವೇಗದಲ್ಲಿ ಕಿರಿದಾದ ಕಂಡಿಯಲ್ಲಿ ಸಣ್ಣ ದೋಣಿ ಹಿಡಿತಕ್ಕೆ ಸಿಗುತ್ತಾ?

ಸೇತುವೆ ಬಿದ್ದ ದಿನಾಂಕ ನೋಡಿ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಆಗಸ್ಟ್ ಅಂದರೆ ಎರಡು ತಿಂಗಳ ಬರಿಗೈ ಮುಗಿದು, ಸಾಲ ತೀರಿಸೋಕೆ ಶುರು ಮಾಡೋ ತಿಂಗಳು. ಅಳಿವೆಯ ಒಳಗೇ ಬಲೆ ಹಾಕೋ ಸಣ್ಣ ನಾಡದೋಣಿಯವರಿಗೆ ಸಮುದ್ರ ಕೆರಳಿದಾಗ ನದಿಯೇ ಗತಿ. ಬೆಳಚು, ಕಲ್ಗ ಆರಿಸಿ ಮಾರೋ ಹೆಂಗಸರಿಗೂ ಅಷ್ಟೇ. ಇವರ ಒಂದು ದಿನದ ನಷ್ಟ ಯಾವ ವರದಿಯಲ್ಲೂ ಬರಲ್ಲ.

ಇದೇ ಮಾತನ್ನ ಕಾನೂನಿನ ಭಾಷೆಯಲ್ಲಿ ಹೇಳ್ತೀನಿ ಕೇಳಿ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯಲ್ಲಿ 111 ಜಲಮಾರ್ಗಗಳಿವೆ. ಕಾಳಿ ನದಿ ಅದರಲ್ಲಿ 52ನೇದು. ಕೊಡಸಳ್ಳಿ ಅಣೆಕಟ್ಟಿನಿಂದ ಸದಾಶಿವಗಡ ಸೇತುವೆ ಹತ್ತಿರದ ಸಮುದ್ರ ಸಂಗಮದವರೆಗೆ. ಮೇಲಿನದು ರಾಷ್ಟ್ರೀಯ ಹೆದ್ದಾರಿ 66, ಕೆಳಗಿನದು ರಾಷ್ಟ್ರೀಯ ಜಲಮಾರ್ಗ 52. ಎರಡೂ ರಾಷ್ಟ್ರೀಯ! ಜಲಮಾರ್ಗದ ಮೇಲೆ ಸೇತುವೆ ಕಟ್ಟೋವಾಗ ಎಷ್ಟು ಎತ್ತರ, ಎಷ್ಟು ಅಗಲ ಬಿಡಬೇಕು ಅಂತ ವರ್ಗವಾರು ನಿಯಮಗಳೂ ಇವೆ. ಹಡಗು ಓಡಿಸೋ ದೊಡ್ಡ ಕಂಪನಿ ಬಂದರೆ ಆ ನಿಯಮ ಎಲ್ಲರಿಗೂ ನೆನಪಾಗುತ್ತೆ. ಹರಿಕಂತ್ರ, ಖಾರ್ವಿ, ಅಂಬಿಗರ ದೋಣಿಗೆ ಮಾತ್ರ 'ನೋಡ್ಕೊಂಡು ಹೋಗಪ್ಪಾ'.

ಮನಸ್ಸಿದ್ದರೆ ಈ ದೇಶದ ಇಂಜಿನಿಯರುಗಳಿಗೆ ಏನು ಬೇಕಾದರೂ ಆಗುತ್ತೆ. ಪಾಂಬನ್ ನೋಡಿ. 1914ರ ರೈಲು ಸೇತುವೆ ಹಳೆಯದಾಯ್ತು ಅಂತ ಹೊಸದು ಕಟ್ಟಿ 2025ರ ಏಪ್ರಿಲ್ 6ಕ್ಕೆ ಉದ್ಘಾಟನೆ ಮಾಡಿದರು. ಅದರಲ್ಲಿ 72.5 ಮೀಟರ್ ಉದ್ದದ ಒಂದು ಭಾಗ ಲಿಫ್ಟ್ ತರಹ 17 ಮೀಟರ್ ಮೇಲಕ್ಕೆ ಎದ್ದು ದೋಣಿ ಹಡಗುಗಳಿಗೆ ದಾರಿ ಬಿಡುತ್ತೆ. ರೈಲಿನ ಸೇತುವೆಯೇ ದೋಣಿಗಾಗಿ ಮೇಲೇಳೋದಾದರೆ, ನಮ್ಮ ಹೆದ್ದಾರಿ ಸೇತುವೆಯ ಕಂಬವನ್ನ ಎರಡು ಮಾರು ಆಚೆ ಇಡಿ ಅಂತ ಕೇಳೋದು ಅತಿಯಾಸೆಯಾ?

ಈಗ ಕೆಲವರು ಕೇಳ್ತಾರೆ: "ನೀನು ದಲಿತ ಚಳವಳಿಯವನು, ಮೀನುಗಾರರ ವಿಷಯದಲ್ಲಿ ನಿನಗೇನು ಕೆಲಸ?"

ಇದೆ. ಮೂರು ಕಾರಣಕ್ಕೆ.

ಮೊದಲನೇದು ಬಾಬಾಸಾಹೇಬರು. ಅವರನ್ನ ಸಂವಿಧಾನದ ಪುಸ್ತಕ ಹಿಡಿದ ಪ್ರತಿಮೆಗೆ ಮಾತ್ರ ಸೀಮಿತ ಮಾಡಿದ್ದೀರಿ. 1942ರಿಂದ 1946ರವರೆಗೆ ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ನೀರಾವರಿ, ವಿದ್ಯುತ್ ಅವರ ಕೈಯಲ್ಲಿತ್ತು. 1945ರಲ್ಲಿ ಅವರ ಅವಧಿಯಲ್ಲೇ ಕೇಂದ್ರ ಜಲಮಾರ್ಗ, ನೀರಾವರಿ ಮತ್ತು ನೌಕಾಯಾನ ಆಯೋಗ ಹುಟ್ಟಿತು. ಹೆಸರು ಇನ್ನೊಮ್ಮೆ ಓದಿ. ಜಲಮಾರ್ಗ ಮೊದಲಿದೆ, ನೌಕಾಯಾನವೂ ಇದೆ. ಅದೇ ವರ್ಷ ನವೆಂಬರ್ 8ಕ್ಕೆ ಕಟಕ್‌ನಲ್ಲಿ ಒರಿಸ್ಸಾದ ನದಿಗಳ ಬಗ್ಗೆ ಮಾತಾಡೋವಾಗ ಪ್ರವಾಹ, ನೀರಾವರಿ, ವಿದ್ಯುತ್ ಜೊತೆಗೆ ದೋಣಿ ಸಂಚಾರವನ್ನೂ ಅವರು ಲೆಕ್ಕಕ್ಕೆ ತಗೊಂಡರು. ರೈಲು ಬಂದ ಮೇಲೆ ಈ ದೇಶ ತನ್ನ ಜಲಮಾರ್ಗಗಳನ್ನ ಹೇಗೆ ಕಡೆಗಣಿಸಿತು ಅಂತ ವಿವರಿಸಿದರು. ಆಮೇಲೆ ಆ ಆಯೋಗ ಹೆಸರು ಬದಲಾಯಿಸ್ತಾ ಕೇಂದ್ರ ಜಲ ಆಯೋಗ ಆಯ್ತು. ನೌಕಾಯಾನ ಹೆಸರಿಂದ ಬಿದ್ದುಹೋಯ್ತು. ಹೆಸರಿಂದ ಬಿದ್ದದ್ದು ಮನಸ್ಸಿಂದಲೂ ಬಿತ್ತು. ಚವದಾರ್ ಕೆರೆಯ ನೀರಿಗೆ ಕೈಹಾಕಿದವರ ಮಕ್ಕಳು ನಾವು. ನೀರು ಯಾರ ಹಕ್ಕು ಅನ್ನೋ ಪ್ರಶ್ನೆ ನಮಗೆ ಹೊಸದಲ್ಲ.

ಎರಡನೇದು ದುಡ್ಡು. ಈ ರಾಜ್ಯದಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ 2013ರಲ್ಲಿ ಬಂತು. ಅದರ 7(ಡಿ) ಕಲಂ ಇಟ್ಟುಕೊಂಡು ಏನು ಮಾಡಿದರು? ಎಲ್ಲರೂ ಓಡಾಡೋ ಮೂಲಸೌಕರ್ಯ ಕಾಮಗಾರಿಯ ಖರ್ಚಲ್ಲೂ ಒಂದು ಪಾಲನ್ನ ದಲಿತರಿಗೆ ಮಾಡಿದ ಖರ್ಚು ಅಂತ ಬರೆದರು. 'ನೀವೂ ಆ ರಸ್ತೆ ಮೇಲೆ ನಡೀತೀರಲ್ಲ' ಅನ್ನೋ ತರ್ಕ! ವರ್ಷಗಟ್ಟಲೆ ಹೋರಾಡಿದ ಮೇಲೆ 2023ರಲ್ಲಿ ಆ ಕಲಂ ಹೋಯ್ತು. ಕಾಳಿ ಸೇತುವೆ ಕೇಂದ್ರದ್ದು, ಅದಕ್ಕೆ ನಮ್ಮ ದುಡ್ಡು ಹೋಯ್ತು ಅಂತ ನಾನು ಹೇಳ್ತಿಲ್ಲ. ಆದರೆ ಕಾಂಕ್ರೀಟು ಸುರಿದ ಕೂಡಲೇ ಎಲ್ಲರಿಗೂ ಸಮಾನ ಲಾಭ ಆಯ್ತು ಅಂತ ಬರೆದುಬಿಡೋ ಆ ಲೆಕ್ಕದ ಮೋಸ ಏನು ಅಂತ ನಮಗೆ ಚೆನ್ನಾಗಿ ಗೊತ್ತು. ದೋಣಿಯವನಿಗೆ ಇವತ್ತು ಹೇಳ್ತಿರೋದೂ ಅದೇ.

ಮೂರನೇದು, ಈ ಕರಾವಳಿಯಲ್ಲಿ ಯಾವಾಗಲೂ ಜಾಗ ಬಿಟ್ಟುಕೊಟ್ಟೋರು ಯಾರು? ಸೀಬರ್ಡ್ ನೌಕಾನೆಲೆಗೆ 13 ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬ ಎದ್ದು ಹೋಯ್ತು. ಪರಿಹಾರಕ್ಕೆ ದಶಕಗಟ್ಟಲೆ ಕೋರ್ಟ್ ಅಲೆದರು. ಕಾಳಿಗೆ ಕಟ್ಟಿದ ಅಣೆಕಟ್ಟುಗಳಿಗೆ, ಕೈಗಾಕ್ಕೆ, ಹೆದ್ದಾರಿಗೆ, ಪ್ರತಿ ಸಲ ಅದೇ ಜನ. ಅವರಲ್ಲಿ ಮೀನುಗಾರರಿದ್ದಾರೆ, ಹಾಲಕ್ಕಿಗಳಿದ್ದಾರೆ, ದಲಿತರಿದ್ದಾರೆ. ಎಲ್ಲೋ ದೂರದ ಬಿಹಾರ, ಒಡಿಶಾದಿಂದ ಬಂದು ಸೇತುವೆಗೆ ಕಂಬಿ ಕಟ್ಟೋ ಹುಡುಗರಲ್ಲೂ ನಮ್ಮವರಿದ್ದಾರೆ. ಸೇತುವೆ ಕಟ್ಟೋರೂ ಇವರೇ, ಅದರಡಿ ತೂರೋರೂ ಇವರೇ. ಉದ್ಘಾಟನೆ ಕಲ್ಲಿನ ಮೇಲೆ ಮಾತ್ರ ಬೇರೆ ಹೆಸರು.

ಹೆಸರು ಅಂದಾಗ ನೆನಪಾಯ್ತು. ರವೀಂದ್ರನಾಥ ಟಾಗೋರರು ಯುವಕರಾಗಿದ್ದಾಗ ಕಾರವಾರಕ್ಕೆ ಬಂದು ಕಾಳಿಯಲ್ಲಿ ದೋಣಿ ಏರಿ ಹೋದದ್ದನ್ನ ಭಾಷಣಗಳಲ್ಲಿ ಎಷ್ಟು ಸಲ ಕೇಳಿಲ್ಲ! ಕಡಲತೀರಕ್ಕೇ ಅವರ ಹೆಸರಿದೆ. ಸಂತೋಷ. ಆ ದೋಣಿ ನಡೆಸಿದವನ ಹೆಸರೇನು? ಹುಟ್ಟು ಹಾಕಿದವನು ಇಲ್ಲದೆ ಕವಿ ಹೋದದ್ದು ಹೇಗೆ?

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಇದೇ ಹೆದ್ದಾರಿ ಮೇಲೆ ಗುಡ್ಡ ಕುಸಿದು ಚಹಾ ಅಂಗಡಿಯ ಕುಟುಂಬ, ಲಾರಿ ಚಾಲಕರು ಗಂಗಾವಳಿ ನದಿ ಪಾಲಾದರು. ಹುಡುಕೋಕೆ ಕೊನೆಗೆ ಏನು ಬೇಕಾಯ್ತು? ಗೋವಾದಿಂದ ಸಮುದ್ರದ ಮೇಲೆ ಬಂದು ಅಳಿವೆ ಹೊಕ್ಕ ಡ್ರೆಜ್ಜರ್. ಸೆಪ್ಟೆಂಬರ್ ಕೊನೆಗೆ ಕೇರಳದ ಲಾರಿ ಸಿಕ್ಕಿದ್ದು ಅದರಿಂದ. ರಸ್ತೆ ಕೈಕೊಟ್ಟಾಗ ಕಾಪಾಡೋದು ನದಿ ದಾರಿ. ಕಾಳಿ ಸೇತುವೆ ಬಿದ್ದ ರಾತ್ರಿಯೂ ದೋಣಿ ಗೊತ್ತಿದ್ದವರೇ ಒದಗಿ ಬಂದರು. ಆ ದಾರಿಯನ್ನ ಕಂಬ, ಮಣ್ಣು, ಕಂಬಿ ತುಂಬಿಸಿ ಮುಚ್ಚೋದು ಎಂಥ ಬುದ್ಧಿ?

ಕಾಳಿ ಒಂದೇ ಅಲ್ಲ. ಮಂಗಳೂರಿನ ಕೂಳೂರಿನಲ್ಲಿ ಫಲ್ಗುಣಿ ನದಿಯ 1952ರ ಕಮಾನು ಸೇತುವೆಗೂ ಬದಲಿ ಬೇಕಾಗಿದೆ. ಆ ನದಿಯೂ ಜಲಮಾರ್ಗದ ಪಟ್ಟಿಯಲ್ಲಿದೆ. ನಾಳೆ ಇನ್ನಷ್ಟು ಸೇತುವೆಗಳ ಸರದಿ ಬರುತ್ತೆ. ಅದಕ್ಕೇ ಈಗಲೇ ಕೇಳಬೇಕು:

1. ಸೇತುವೆ ನಕ್ಷೆ ಅಂತಿಮ ಆಗೋ ಮೊದಲು ದೋಣಿಗಳ ಗಣತಿ ಆಗಲಿ. ಮಳೆಗಾಲದಲ್ಲಿ ಒಂದು ಸಲ, ಬೇಸಿಗೆಯಲ್ಲಿ ಒಂದು ಸಲ.

2. ಭರತದ ಮಟ್ಟದಿಂದ ಎತ್ತರ ಎಷ್ಟು, ಕಂಬದಿಂದ ಕಂಬಕ್ಕೆ ದೂರ ಎಷ್ಟು ಅಂತ ಕನ್ನಡದಲ್ಲಿ ಬರೆದು ಗ್ರಾಮ ಪಂಚಾಯಿತಿಯಲ್ಲಿ, ಬಂದರಿನಲ್ಲಿ ಹಾಕಿ. ಹೊಸ ಕಂಬ ಪಕ್ಕದ ಸೇತುವೆಯ ಕಂಬದ ನೇರಕ್ಕೇ ಬರಲಿ.

3. ಹಳೇ ಕಂಬಗಳನ್ನ ನದಿ ತಳಕ್ಕಿಂತ ಕೆಳಗೆ ಕತ್ತರಿಸಿ ತೆಗೆಯಿರಿ. ತುಂಬಿದ ಮಣ್ಣು, ಬಿದ್ದ ಕಂಬಿ ಪೂರ್ತಿ ಎತ್ತಿದ್ದಕ್ಕೆ ಮೀನುಗಾರರ ಸಹಕಾರ ಸಂಘ ಸಹಿ ಹಾಕೋವರೆಗೆ ಗುತ್ತಿಗೆದಾರನ ಕೊನೇ ಬಿಲ್ ಪಾಸಾಗಬಾರದು.

4. ಕೆಲಸ ನಡೆಯೋವಾಗ ಒಂದು ಕಂಡಿ ಸದಾ ತೆರೆದಿರಲಿ, ರಾತ್ರಿ ದೀಪ ಇರಲಿ. ದಾರಿ ಮುಚ್ಚಿದ ದಿನಕ್ಕೆ ದಿನಗೂಲಿ ಲೆಕ್ಕದಲ್ಲಿ ಪರಿಹಾರ ಕೊಡಿ. ದೋಣಿ ಮಾಲೀಕನಿಗೆ ಮಾತ್ರ ಅಲ್ಲ, ಕೂಲಿಗೆ ಹೋಗೋನಿಗೂ, ಬೆಳಚು ಆರಿಸೋ ತಾಯಿಗೂ.

ಹೆದ್ದಾರಿ ಬಂದ್ ಮಾಡಿದರೆ ಒಂದು ಗಂಟೆಯಲ್ಲಿ ಡಿಸಿ ಬರ್ತಾರೆ. ನದಿ ಬಂದ್ ಆಗಿ ತಿಂಗಳಾದರೂ ಯಾರೂ ಬರಲ್ಲ. ಈ ವ್ಯತ್ಯಾಸಕ್ಕೆ ನಮ್ಮ ಊರುಗಳಲ್ಲಿ ಒಂದು ಹಳೇ ಹೆಸರಿದೆ. ಮೇಲಿನವರು, ಕೆಳಗಿನವರು. ಅದನ್ನ ಕಾಂಕ್ರೀಟಿನಲ್ಲಿ ಇನ್ನೊಂದು ನೂರು ವರ್ಷಕ್ಕೆ ಎರಕ ಹೊಯ್ಯೋಕೆ ಬಿಡಬೇಡಿ.

ಕರಾವಳಿಯ ಗೆಳೆಯರೇ, ನಿಮ್ಮೂರ ಸೇತುವೆ ಅಡಿಯಲ್ಲಿ ದೋಣಿಗೆ ಏನು ತೊಂದರೆ ಇದೆ ಅಂತ ಕೆಳಗೆ ಬರೀರಿ, ಫೋಟೋ ಹಾಕಿ. ಆರ್‌ಟಿಐ ಅರ್ಜಿ ಬರೆಯೋಕೆ ಬರದಿದ್ದರೆ ನನಗೆ ಹೇಳಿ, ನಾನು ಬರೆದುಕೊಡ್ತೀನಿ. ಆ ಕೆಲಸ ನನಗೆ ಬರುತ್ತೆ.

ಜೈ ಭೀಮ್.