ಎಂಜಿನ್ನಿನ ಸವೆತ: ಸೂಜಿಗಲ್ಲಿನ ಬೋಲ್ಟೂ ಒಳ್ಳೆಯ ಎಣ್ಣೆಯೂ



ಚಕ್ಕಡಿಯ ಕಾಲದಲ್ಲಿ ನಮ್ಮ ಹಿರಿಯರು ಅಚ್ಚಿಗೆ ಕೀಲೆಣ್ಣೆ ಹಾಕದೆ ದೂರದ ಊರಿಗೆ ಹೊರಡುತ್ತಿರಲಿಲ್ಲ. ಎಣ್ಣೆಯ ಬಿದಿರು ಕೊಳವೆ ಚಕ್ಕಡಿಯ ಕೆಳಗೆ ಜೋತಾಡುತ್ತಲೇ ಇರುತ್ತಿತ್ತು. ಅಚ್ಚು ಒಣಗಿದರೆ ಗಾಲಿ ಕಿರುಗುಟ್ಟಿ ಊರಿಗೆಲ್ಲ ಸುದ್ದಿ ಹೇಳುತ್ತಿತ್ತು. ಟ್ರ್ಯಾಕ್ಟರಿನ ಎಂಜಿನ್ನು ಹಾಗೆ ಕಿರುಗುಟ್ಟುವುದಿಲ್ಲ. ಅದು ಒಳಗೊಳಗೇ ಸವೆಯುತ್ತದೆ. ನೀಲಿ ಹೊಗೆ ಕಾಣುವ ಹೊತ್ತಿಗೆ, ಏರಿನಲ್ಲಿ ಟ್ರೇಲರ್ ಎಳೆಯಲಾರದೆ ಉಸಿರುಗಟ್ಟುವ ಹೊತ್ತಿಗೆ, ಕೆಲಸ ಕೈಮೀರಿರುತ್ತದೆ.

ಆಮೇಲೆ ನಡೆಯುವುದು ನಿಮಗೆ ಗೊತ್ತಿದ್ದದ್ದೇ. ಎಂಜಿನ್ ಇಳಿಸಿ ಹುಬ್ಬಳ್ಳಿಗೆ ಒಯ್ಯಬೇಕು, ಬೋರ್ ಮಾಡಿಸಬೇಕು ಇಲ್ಲವೆ ಲೈನರ್, ಪಿಸ್ಟನ್, ರಿಂಗ್, ಬೇರಿಂಗ್ ಹೊಸದು ಹಾಕಿಸಬೇಕು. ಖರ್ಚು ಹತ್ತಾರು ಸಾವಿರದ ಲೆಕ್ಕ. ಬ್ಯಾಂಕಿನ ಕಂತು ಇನ್ನೂ ತೀರಿರುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟವೆಂದರೆ ಹದ ತಪ್ಪುವುದು. ರೋಹಿಣಿ ಮಳೆಗೆ ಹೊಲ ಹರಗಬೇಕಾದ ಟ್ರ್ಯಾಕ್ಟರು ಗ್ಯಾರೇಜಿನ ಮುಂದೆ ಬಿಚ್ಚಿ ಬಿದ್ದಿದ್ದರೆ, ಮಳೆಯೇನೂ ಮೆಕ್ಯಾನಿಕ್ಕಿನ ಬಿಡುವು ನೋಡಿ ಬರುವುದಿಲ್ಲ.

ಈ ಮಾತು ಈಗ ಯಾಕೆಂದರೆ, ಕಲಘಟಗಿ ತಾಲೂಕಿನ ದೇವಿಕೊಪ್ಪದ ಕಡೆ ರೈತರೊಡನೆ ಕುಳಿತಾಗ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಎಂಜಿನ್ ಆಯಿಲ್ ಇಳಿಸುವ ಕೆಳಗಿನ ಬೋಲ್ಟಿಗೆ ಅಯಸ್ಕಾಂತ ಕೂಡಿಸಿದ್ದು ಬಂದಿದೆಯಂತೆ, ಅದನ್ನು ಹಾಕಿದರೆ ಎಂಜಿನ್ ಸವೆಯುವುದೇ ಇಲ್ಲವಂತೆ, ಹೌದೇ ಸಾಹೇಬರೇ? ಮಾರುವವರು ಹಾಗೆ ಹೇಳುತ್ತಾರೆ. ಅದರಲ್ಲಿ ಅರ್ಧ ನಿಜವಿದೆ. ಉಳಿದರ್ಧ ತಿಳಿಯದಿದ್ದರೆ ದುಡ್ಡೂ ದಂಡ, ಎಂಜಿನ್ನೂ ದಂಡ.

ಮೊದಲು ಸವೆತ ಹೇಗೆ ಆಗುತ್ತದೆಂದು ನೋಡೋಣ. ಓಡುವ ಎಂಜಿನ್ನಿನಲ್ಲಿ ಕ್ರ್ಯಾಂಕ್ ಶಾಫ್ಟು ಬೇರಿಂಗಿನ ಮೇಲೆ ನೇರವಾಗಿ ಕೂಡುವುದಿಲ್ಲ. ನಡುವೆ ಎಣ್ಣೆಯ ತೆಳ್ಳನೆಯ ಪದರವಿರುತ್ತದೆ, ಶಾಫ್ಟು ಅದರ ಮೇಲೆ ತೇಲುತ್ತದೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದಿಟ್ಟುಕೊಳ್ಳಿ. ಈ ಪದರ ಕೆಲವೇ ಮೈಕ್ರಾನ್. ಅಷ್ಟೇ ಗಾತ್ರದ, ಇಲ್ಲವೆ ಅದಕ್ಕಿಂತ ತುಸು ದೊಡ್ಡದಾದ ಗಟ್ಟಿ ಕಣವೊಂದು ಅಲ್ಲಿ ಸಿಕ್ಕಿತೆಂದರೆ ಅದು ಎರಡೂ ಕಡೆ ಕೆರೆಯುತ್ತದೆ. ಕೆರೆದು ಬಂದ ಲೋಹದ ಪುಡಿ ಮತ್ತೆ ಎಣ್ಣೆಯೊಡನೆ ಸುತ್ತಿ ಬಂದು ಮತ್ತೊಂದು ಕಡೆ ಕೆರೆಯುತ್ತದೆ. ಬೀಸುವ ಕಲ್ಲಿಗೆ ಕಾಳು ಹಾಕಿದಂತೆಯೇ. ಇಲ್ಲಿ ಕಾಳು ಕಬ್ಬಿಣ, ಕಲ್ಲೂ ಕಬ್ಬಿಣ. ಸಣ್ಣ ಕಬ್ಬಿಣದ ಪುಡಿಗೆ ಇನ್ನೊಂದು ಕೆಟ್ಟ ಗುಣವೂ ಉಂಟು: ಕಾದ ಎಣ್ಣೆ ಬೇಗ ಹಳಸುವಂತೆ ಅದು ಮಾಡುತ್ತದೆ.

ಆಯಿಲ್ ಫಿಲ್ಟರು ಇದೆಯಲ್ಲ ಎನ್ನುತ್ತೀರಿ. ಇದೆ. ಆದರೆ ಸಾಮಾನ್ಯ ಕಾಗದದ ಫಿಲ್ಟರು ದೊಡ್ಡ ಕಣಗಳನ್ನು ಚೆನ್ನಾಗಿ ಹಿಡಿಯುತ್ತದೆ, ತೀರ ಸಣ್ಣವು ಬಹಳಷ್ಟು ದಾಟಿಹೋಗುತ್ತವೆ. ಅಯಸ್ಕಾಂತದ ಬೋಲ್ಟು ಇಲ್ಲಿ ನೆರವಿಗೆ ಬರುತ್ತದೆ. ಚೇಂಬರಿನ ತಳಕ್ಕೆ ಇಳಿದುಬಂದ ಕಬ್ಬಿಣದ ಪುಡಿ, ಎಷ್ಟೇ ಸಣ್ಣದಿರಲಿ, ಹತ್ತಿರ ಬಂದರೆ ಅದಕ್ಕೆ ಅಂಟಿ ಅಲ್ಲೇ ಉಳಿಯುತ್ತದೆ.

ಹಿಡಿಯುವುದು ಕಬ್ಬಿಣ, ಉಕ್ಕು ಮಾತ್ರ. ಪಿಸ್ಟನ್ನಿನ ಅಲ್ಯುಮಿನಿಯಂ, ಬೇರಿಂಗಿನ ತಾಮ್ರ, ತವರ, ಸೀಸ ಇವು ಯಾವುವೂ ಸೂಜಿಗಲ್ಲಿಗೆ ಅಂಟುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಹೊಲದ ಧೂಳು ಅಂಟುವುದಿಲ್ಲ. ಧೂಳಿನಲ್ಲಿರುವ ಮರಳಿನ ಕಣ ಉಕ್ಕನ್ನು ಗೀರುವಷ್ಟು ಗಟ್ಟಿ, ಎಂಜಿನ್ನಿನ ದೊಡ್ಡ ವೈರಿ ಅದೇ. ನವಲಗುಂದ, ಅಣ್ಣಿಗೇರಿಯ ಎರೆಹೊಲದಲ್ಲಿ ಬೇಸಿಗೆಗೆ ರೋಟಾವೇಟರ್ ಹೊಡೆಯುವಾಗ ಟ್ರ್ಯಾಕ್ಟರೇ ಕಾಣದಂತೆ ಧೂಳು ಏಳುವುದನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಆ ಧೂಳು ಬರುವ ದಾರಿ ಏರ್ ಕ್ಲೀನರು. ಎಣ್ಣೆಯ ಬಟ್ಟಲಿನ ಏರ್ ಕ್ಲೀನರ್ ಇದ್ದರೆ ಧೂಳಿನ ಕೆಲಸದ ದಿನಗಳಲ್ಲಿ ದಿನಾ ಬಿಚ್ಚಿ ನೋಡಿರಿ, ಕೆಸರು ಕೂತಿದ್ದರೆ ತೊಳೆದು ಗುರುತಿನ ಮಟ್ಟದವರೆಗೆ ಹೊಸ ಎಣ್ಣೆ ಹಾಕಿರಿ. ಒಣ ಫಿಲ್ಟರಿನದಾದರೆ ಗಾಲಿಗೆ ಕುಟ್ಟಿ ಕುಟ್ಟಿ ಹರಿಯಬೇಡಿರಿ. ಏರ್ ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆಯ ಸೀಳು, ಸಡಿಲಾದ ಕ್ಲಿಪ್ಪು ಇವನ್ನೂ ಬೆರಳಾಡಿಸಿ ನೋಡಬೇಕು. ಅಲ್ಲೊಂದು ಸೀಳಿದ್ದರೆ ಎಂಥ ಅಯಸ್ಕಾಂತವೂ ನಿಮ್ಮ ಎಂಜಿನ್ನನ್ನು ಉಳಿಸಲಾರದು.

ಹಾಗಾದರೆ ಬೋಲ್ಟು ಬೇಡವೇ? ಬೇಕು. ಆದರೆ ಕಾರಣ ಬೇರೆ. ಅದರ ದೊಡ್ಡ ಉಪಯೋಗ ಸವೆತ ತಡೆಯುವುದಲ್ಲ, ಸವೆತವನ್ನು ತೋರಿಸುವುದು. ಹೆಲಿಕಾಪ್ಟರುಗಳ ಎಂಜಿನ್ನು, ಗೇರ್ ಬಾಕ್ಸುಗಳಲ್ಲಿ ಇಂಥದೇ ಅಯಸ್ಕಾಂತದ ಪ್ಲಗ್ಗು ಇರುತ್ತದೆ. ಲೋಹದ ಚೂರು ಅಂಟಿದೊಡನೆ ಚಾಲಕನ ಮುಂದೆ ದೀಪ ಹತ್ತುತ್ತದೆ. ಅಷ್ಟು ದೂರ ಯಾಕೆ, ನಮ್ಮ ಹುಬ್ಬಳ್ಳಿಯದೂ ಸೇರಿದಂತೆ ರೈಲ್ವೆಯ ಡೀಸೆಲ್ ಶೆಡ್ಡುಗಳಲ್ಲಿ ಲೋಕೋದ ಎಣ್ಣೆಯ ಮಾದರಿ ತೆಗೆದು, ಅದರಲ್ಲಿ ಯಾವ ಲೋಹ ಎಷ್ಟಿದೆ ಎಂದು ಪರೀಕ್ಷೆ ಮಾಡುತ್ತಾರೆ. ತಾಮ್ರ ಹೆಚ್ಚಿದರೆ ಬೇರಿಂಗಿನ ಕಡೆ, ಕಬ್ಬಿಣ ಹೆಚ್ಚಿದರೆ ಲೈನರು, ರಿಂಗಿನ ಕಡೆ ಅವರ ಗಮನ ಹೋಗುತ್ತದೆ. ನಮ್ಮ ಬಳಿ ಅಂಥ ಪ್ರಯೋಗಶಾಲೆ ಇಲ್ಲ. ಬೋಲ್ಟೇ ನಮ್ಮ ಪ್ರಯೋಗಶಾಲೆ.

ಅದನ್ನು ಓದುವ ಬಗೆ ಹೀಗೆ. ಎಣ್ಣೆ ಬದಲಿಸುವಾಗ ಬೋಲ್ಟು ತೆಗೆದು ಅದರ ಮೇಲಿನದನ್ನು ಬಿಳಿ ಕಾಗದಕ್ಕೆ ಒರೆಸಿರಿ. ಬೂದು ಕಪ್ಪಿನ ನುಣ್ಣನೆಯ ಕಾಡಿಗೆಯಂಥದು ಬಂದರೆ ಅದು ಸಹಜ ಸವೆತ, ಹೆದರಬೇಕಾಗಿಲ್ಲ. ಹೊಸ ಟ್ರ್ಯಾಕ್ಟರಿನ ಮೊದಲ ಬದಲಾವಣೆಯಲ್ಲಿ ತುಸು ಹೆಚ್ಚೇ ಬರುತ್ತದೆ. ಬೆರಳಿಗೆ ಚುಚ್ಚುವ ಸೂಜಿಯಂಥ ಎಳೆ, ಮೀನಿನ ಹುರುಪೆಯಂಥ ಹೊಳೆಯುವ ಚಕ್ಕೆ, ಹಲ್ಲಿನ ಚೂರು ಕಂಡರೆ ಮಾತ್ರ ಆ ದಿನವೇ ಗಾಡಿ ನಿಲ್ಲಿಸಿ ತಿಳಿದವರಿಗೆ ತೋರಿಸಿರಿ. ಕಾಗದದ ಮೇಲೆ ತಾರೀಖು, ಎಂಜಿನ್ ನಡೆದ ತಾಸು ಬರೆದು ಮಡಚಿಡಿರಿ. ಮೂರು ನಾಲ್ಕು ಕಾಗದ ಸೇರಿದ ಮೇಲೆ ಹಿಂದಿನದಕ್ಕೂ ಇಂದಿನದಕ್ಕೂ ಹೋಲಿಸಿದರೆ ಓದು ಬಾರದವರಿಗೂ ವಿಷಯ ತಿಳಿಯುತ್ತದೆ.

ನನ್ನನ್ನು ಕೇಳಿದರೆ ಇಂಥ ಬೋಲ್ಟು ಎಂಜಿನ್ನಿಗಿಂತ ಮೊದಲು ಗೇರ್ ಬಾಕ್ಸು, ಹಿಂದಿನ ಹೌಸಿಂಗಿಗೆ ಬೇಕು ಎನ್ನುತ್ತೇನೆ. ಎಂಜಿನ್ನಿಗೆ ಒಳ್ಳೆಯ ಫಿಲ್ಟರಾದರೂ ಇದೆ. ಗೇರಿನ ಹಲ್ಲುಗಳು ಉಕ್ಕಿನವು, ಅಲ್ಲಿಯ ಎಣ್ಣೆ ಬಹುಕಾಲ ಬದಲಾಗುವುದಿಲ್ಲ, ಹಲವು ಟ್ರ್ಯಾಕ್ಟರುಗಳಲ್ಲಿ ಅದೇ ಎಣ್ಣೆ ಹೈಡ್ರಾಲಿಕ್ಕಿಗೂ ಹೋಗುತ್ತದೆ. ಕೆಲವು ಕಂಪನಿಯವರು ಅಲ್ಲಿ ಅಯಸ್ಕಾಂತವನ್ನು ಕಾರ್ಖಾನೆಯಲ್ಲೇ ಕೂಡಿಸಿರುತ್ತಾರೆ. ಕೈಪಿಡಿ ನೋಡಿರಿ, ಇದ್ದದ್ದನ್ನೇ ಮತ್ತೆ ಕೊಳ್ಳುವುದು ಬೇಡ.

ಕೊಳ್ಳುವವರಿಗೆ ಎರಡು ಮಾತು. ಹಳೆಯ ಬೋಲ್ಟನ್ನೇ ಅಂಗಡಿಗೆ ಒಯ್ದು ಥ್ರೆಡ್ಡು, ಉದ್ದ ಎರಡನ್ನೂ ತಾಳೆ ನೋಡಿ ತರಬೇಕು. ಉದ್ದ ಹೆಚ್ಚಾದರೆ ಒಳಗಿನ ಭಾಗಕ್ಕೆ ತಾಗುತ್ತದೆ. ವಾರಂಟಿ ಇರುವಾಗ ಡೀಲರನ್ನು ಕೇಳದೆ ಹಾಕಬೇಡಿರಿ. ಇನ್ನು ಹಳೆಯ ಸ್ಪೀಕರಿನ ಅಯಸ್ಕಾಂತ ಒಡೆದು ಬೋಲ್ಟಿಗೆ ಅಂಟಿಸುವ ಜಾಣರು ಇದ್ದಾರೆ. ಅದು ಮಡಕೆಯ ಹಾಗೆ ಬಿರುಸು, ಪುಡಿಯಾಗಿ ಎಣ್ಣೆಗೆ ಬೀಳುತ್ತದೆ. ಸಾಧಾರಣ ನಿಯೋಡಿಮಿಯಂ ಅಯಸ್ಕಾಂತವು 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳತೊಡಗುತ್ತದೆ. ದುಡಿಯುವ ಎಂಜಿನ್ನಿನ ಎಣ್ಣೆ ಅದಕ್ಕಿಂತ ಹೆಚ್ಚು ಕಾಯುತ್ತದೆ. ಆದ್ದರಿಂದ ಎಂಜಿನ್ನಿಗೆಂದೇ ಮಾಡಿದ್ದನ್ನು ಮಾತ್ರ ಕೊಳ್ಳತಕ್ಕದ್ದು.

ಈಗ ಎಣ್ಣೆಯ ವಿಷಯ. ಇದರಲ್ಲಿ ನಮ್ಮ ರೈತರು ಮಾಡುವ ಉಳಿತಾಯ ಕಂಡರೆ ನನಗೆ ಸಂಕಟವಾಗುತ್ತದೆ. ಡೀಸೆಲ್ಲಿಗೆ ಸಾವಿರಾರು ರೂಪಾಯಿ ಸುರಿಯುವವರು ಆಯಿಲ್ ಮಾತ್ರ ಕಡಿಮೆಯಾದಷ್ಟು ಮೇಲೆ ಹಾಕುತ್ತ ವರ್ಷ ದೂಡುತ್ತಾರೆ. ಸಾರು ಹಳಸಿದ ಮೇಲೆ ಅದಕ್ಕೆ ಹೊಸ ಸಾರು ಬೆರೆಸಿದಂತೆ ಇದು.

ಡಬ್ಬಿಯ ಮೇಲೆ 15ಡಬ್ಲ್ಯು-40 ಎಂದು ಇರುತ್ತದೆ. ಚಳಿಗಾಲದ ಮುಂಜಾನೆ ಬೇಗ ಹರಿದು ಮೇಲೇರುವಷ್ಟು ತೆಳು, ಎಂಜಿನ್ ಕಾದಾಗ ನೀರಾಗದಷ್ಟು ದಪ್ಪ ಎಂದು ಅದರ ಅರ್ಥ. ಎಂಜಿನ್ ಶುರುವಾದ ಮೊದಲ ಕೆಲವು ಕ್ಷಣ ಎಣ್ಣೆ ಎಲ್ಲ ಕಡೆ ತಲುಪಿರುವುದಿಲ್ಲ. ಆದಕಾರಣ ಸ್ಟಾರ್ಟ್ ಮಾಡಿದೊಡನೆ ರೇಸ್ ಕೊಡಬೇಡಿರಿ. ಇನ್ನೊಂದು ಗುರುತು ಸಿಎಫ್-4, ಸಿಎಚ್-4, ಸಿಐ-4 ಎಂಬ ಅಕ್ಷರಗಳು. ಮೊದಲಿನ ಸಿ ಎಂದರೆ ಡೀಸೆಲ್ ಎಂಜಿನ್ನಿನದು. ಸಿಎಫ್-4 ಬಂದದ್ದು 1990ರಲ್ಲಿ, ಸಿಎಚ್-4 1998ರಲ್ಲಿ, ಸಿಐ-4 2002ರಲ್ಲಿ. ಕೈಪಿಡಿ ಹೇಳಿದ ದರ್ಜೆಗೆ ಕಡಿಮೆಯಿಲ್ಲದ್ದು ಹಾಕಿರಿ. ಹಿಂದಿನ ಹೌಸಿಂಗಿನ ಎಣ್ಣೆ ಬೇರೆ. ಎಣ್ಣೆಯಲ್ಲಿ ಮುಳುಗಿದ ಬ್ರೇಕ್ ಇರುವ ಟ್ರ್ಯಾಕ್ಟರಿಗೆ ಸಿಕ್ಕಿದ ಗೇರ್ ಆಯಿಲ್ ಸುರಿದರೆ ಬ್ರೇಕು ಅರಚುತ್ತದೆ, ಹಿಡಿಯುವುದೂ ಕೆಡುತ್ತದೆ. ಕಬ್ಬಿನ ಟ್ರೇಲರ್ ಕಟ್ಟಿಕೊಂಡು ಹಳಿಯಾಳದ ದಾರಿ ಹಿಡಿಯುವವರಿಗೆ ಅದು ಜೀವದ ಪ್ರಶ್ನೆ.

ಎಣ್ಣೆ ಬೇಗ ಕಪ್ಪಾಯಿತು, ಆದ್ದರಿಂದ ಅದು ಕಳಪೆ ಎಂಬ ನಂಬಿಕೆ ಹಳ್ಳಿಗಳಲ್ಲಿ ಬಲವಾಗಿದೆ. ನಿಜ ಬಹುಮಟ್ಟಿಗೆ ತಿರುವುಮುರುವು. ಒಳ್ಳೆಯ ಎಣ್ಣೆ ಮಸಿಯನ್ನು ತೊಳೆದು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೇ ಕಪ್ಪಾಗುತ್ತದೆ. ಬಣ್ಣದಿಂದ ಹೆದರಬೇಕಾದದ್ದು ಒಂದೇ: ಹಾಲು ಬೆರೆಸಿದ ಚಹಾದಂತೆ ಕಂಡರೆ ನೀರು ಸೇರಿದೆ. ಕೆರೆಯ ಕೆಳಗಿನ ಕೆಸರುಗದ್ದೆಯಲ್ಲಿ ದುಡಿದ ಗಾಡಿಯ ಹಿಂದಿನ ಹೌಸಿಂಗಿನಲ್ಲಿ ಇದು ಕಾಣುವುದುಂಟು. ಇನ್ನು ಎಣ್ಣೆಕಡ್ಡಿಯಲ್ಲಿ ಮಟ್ಟ ತಾನಾಗಿ ಏರಿ ಡೀಸೆಲ್ ವಾಸನೆ ಬಂದರೆ ಇಂಧನ ಸೋರಿ ಒಳಗೆ ಬರುತ್ತಿದೆ. ಆಗ ಎಂಜಿನ್ ನಡೆಸಲೇಬಾರದು.

ಅಗ್ಗದ ಎಣ್ಣೆಯ ಮೋಸವಂತೂ ಎಲ್ಲರಿಗೂ ತಿಳಿದದ್ದು. ಹಳೆಯ ಎಣ್ಣೆಯ ಬಣ್ಣ ತೆಗೆದು ಹೆಸರಾಂತ ಕಂಪನಿಯ ಡಬ್ಬಿಗೆ ತುಂಬಿ ಮಾರುವವರಿದ್ದಾರೆ. ಅವರಿಗೆ ಡಬ್ಬಿ ಒದಗಿಸುವವರು ಯಾರು? ನಾವೇ. ಖಾಲಿ ಡಬ್ಬಿ ಗುಜರಿಗೆ ಕೊಡುವ ಮೊದಲು ತಳಕ್ಕೆ ಕಬ್ಬಿಣದ ಸಲಾಕೆಯಿಂದ ತೂತು ಹೊಡೆಯಿರಿ. ಬಿಲ್ಲು ಕೊಡದ ಅಂಗಡಿಯಲ್ಲಿ ಎಣ್ಣೆ ಕೊಳ್ಳಬೇಡಿರಿ.

ಇಲ್ಲಿ ಸಹಕಾರ ಸಂಘಗಳ ಕರ್ತವ್ಯದ ಮಾತು ಬರುತ್ತದೆ. 1905ರಲ್ಲಿ ಕಣಗಿನಹಾಳದಲ್ಲಿ ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದ ಸೀಮೆ ನಮ್ಮದು; ಆಗ ಗದಗವೂ ಧಾರವಾಡ ಜಿಲ್ಲೆಯದೇ. ಗೊಬ್ಬರ, ಬೀಜ ಮಾರುವ ಸಂಘಗಳು ಎಣ್ಣೆಯನ್ನು ಯಾಕೆ ತರಿಸಬಾರದು? ಒಂದು ಬ್ಯಾರಲ್ಲಿಗೆ 210 ಲೀಟರು. ಒಂದು ಟ್ರ್ಯಾಕ್ಟರಿಗೆ ಸಲಕ್ಕೆ 7 ಲೀಟರು ಹಿಡಿದರೆ 30 ಸಲಕ್ಕೆ ಸಾಕು. ಊರಿನ ಹತ್ತು ಹದಿನೈದು ಮಾಲಕರು ಕೂಡಿದರೆ ಕಂಪನಿಯ ಮುದ್ರೆಯೊಡನೆ ಬಂದ ಎಣ್ಣೆಯನ್ನು ಎಲ್ಲರ ಕಣ್ಣೆದುರು ಒಡೆದು ಹಂಚಿಕೊಳ್ಳಬಹುದು. ಬಾಡಿಗೆಗೆ ಯಂತ್ರ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳೂ ಪ್ರತಿಯೊಂದು ಗಾಡಿಗೆ ಎಣ್ಣೆ ಬದಲಿಸಿದ ತಾರೀಖಿನ ಪುಸ್ತಕ ಇಟ್ಟು, ಕೇಳಿದ ರೈತನಿಗೆ ತೋರಿಸಬೇಕು. ಹಲವರ ಕೈಯಲ್ಲಿ ದುಡಿಯುವ ಯಂತ್ರಕ್ಕೆ ಹೇಳುವವರು ಕೇಳುವವರು ಇಲ್ಲದಂತಾಗಬಾರದು.

ಇಳಿಸಿದ ಹಳೆ ಎಣ್ಣೆಯನ್ನು ಹಳ್ಳಕ್ಕೆ, ಬಾವಿಯ ಬದಿಗೆ ಚೆಲ್ಲಬೇಡಿರಿ. ಎಮ್ಮೆಯ ಕಜ್ಜಿಗೆ, ನಾಯಿಯ ಹುಣ್ಣಿಗೆ ಹಚ್ಚುವುದನ್ನಂತೂ ಬಿಡಲೇಬೇಕು. ದನ ಅದನ್ನು ನೆಕ್ಕುತ್ತದೆ, ಅದು ವಿಷ. ಸಂಘದ ಆವರಣದಲ್ಲಿ ಒಂದು ಖಾಲಿ ಬ್ಯಾರಲ್ ಇಟ್ಟು ಅದರಲ್ಲಿ ಕೂಡಿಟ್ಟರೆ ಪರವಾನಿಗೆ ಉಳ್ಳ ಶುದ್ಧೀಕರಣದವರಿಗೆ ಕೊಡಲು ಬರುತ್ತದೆ.

ಎಣ್ಣೆ ಯಾವಾಗ ಬದಲಿಸಬೇಕು? ಈಗಿನ ಅನೇಕ ಟ್ರ್ಯಾಕ್ಟರುಗಳಿಗೆ ಮೊದಲ ಸಲ 50 ತಾಸಿಗೆ, ಆಮೇಲೆ 250 ತಾಸಿಗೊಮ್ಮೆ ಎಂದು ಕೈಪಿಡಿ ಹೇಳುತ್ತದೆ. ಹಳೆಯ ಗಾಡಿಗಳಿಗೆ ಇನ್ನೂ ಬೇಗ. ಎಂಜಿನ್ ಬಿಸಿ ಇರುವಾಗಲೇ, ಸಮತಟ್ಟಾದ ಜಾಗದಲ್ಲಿ, ಕೈ ಸುಡದಂತೆ ನೋಡಿಕೊಂಡು ಇಳಿಸಿರಿ. ಕೊನೆಯ ಹನಿ ಬೀಳುವ ತನಕ ಕಾಯಿರಿ, ಫಿಲ್ಟರನ್ನೂ ಬದಲಿಸಿರಿ. ಬೋಲ್ಟಿಗೆ ಹೊಸ ವಾಷರು ಹಾಕಿ, ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಿರಿ. ಪಾನಾಕ್ಕೆ ಪೈಪು ಸಿಕ್ಕಿಸಿ ಬಿಗಿದರೆ ಚೇಂಬರಿನ ಥ್ರೆಡ್ಡು ಹೋಗುತ್ತದೆ.

ನಮ್ಮಲ್ಲಿ ಅನೇಕ ಗಾಡಿಗಳ ತಾಸಿನ ಮೀಟರು ಕೆಟ್ಟು ನಿಂತಿರುತ್ತದೆ. ಅಂಥವರು ಡೀಸೆಲ್ಲಿನಿಂದ ಲೆಕ್ಕ ಹಿಡಿಯಿರಿ. ಸಾಧಾರಣ 40-45 ಅಶ್ವಶಕ್ತಿಯ ಟ್ರ್ಯಾಕ್ಟರು ಹೊಲ, ದಾರಿ ಎಲ್ಲ ಕೂಡಿ ಸರಾಸರಿ ತಾಸಿಗೆ 4 ಲೀಟರು ಕುಡಿಯುತ್ತದೆಂದುಕೊಂಡರೆ 250 ತಾಸಿಗೆ 1000 ಲೀಟರು. ಪಂಪಿನ ಚೀಟಿಗಳನ್ನು ಒಂದು ತಂತಿಗೆ ಚುಚ್ಚುತ್ತ ಹೋಗಿರಿ; ಸಾವಿರ ಲೀಟರು ತುಂಬಿದ ದಿನ ಬೋಲ್ಟು ಬಿಚ್ಚಿರಿ.