ಅತಿಥಿ ಊರಿಗೆ ಬರಲಿ, ಆದಾಯವೂ ಊರಿಗೇ ಬರಲಿ

‘ಇಲ್ಲಿ ಆನೆ ಎಲ್ಲಿ ಕಾಣ್ಸುತ್ತೆ?’

ಬೇಲೂರು ತಾಲ್ಲೂಕಿನ ನಮ್ಮ ಅರೇಹಳ್ಳಿಯ ಸುತ್ತಮುತ್ತಲ ಹೋಮ್‌ಸ್ಟೇಗಳಿಗೆ ಬರುವ ಅತಿಥಿಗಳು ಕಾರಿನಿಂದ ಇಳಿಯುತ್ತಲೇ ಕೇಳುವ ಪ್ರಶ್ನೆ ಇದು. ದ್ವಿತೀಯ ಪಿಯುಸಿ ಮುಗಿದ ರಜೆಯಲ್ಲಿ ಅಂಥ ಒಂದು ಹೋಮ್‌ಸ್ಟೇಯಲ್ಲಿ ಎರಡು ತಿಂಗಳು ಕೆಲಸ ಮಾಡಿದ್ದೆ. ಬ್ಯಾಗ್ ಹೊರುವುದು, ಕಾಫಿ ಕೊಡುವುದು, ತೋಟ ಸುತ್ತಿಸುವುದು ನನ್ನ ಪಾಲಿನ ಕೆಲಸ. ಒಂದು ಬೆಳಿಗ್ಗೆ ಪಕ್ಕದ ತೋಟಕ್ಕೆ ಆನೆ ಬಂದಿದೆ ಎಂಬ ಸುದ್ದಿ ಬಂತು. ಅತಿಥಿಗಳು ಮೊಬೈಲ್ ಹಿಡಿದು ಖುಷಿಯಿಂದ ಜಗುಲಿಗೆ ಓಡಿ ಬಂದರು. ಅದೇ ಹೊತ್ತಿಗೆ ಕೆಲಸಕ್ಕೆಂದು ಹೊರಟಿದ್ದ ಹೆಂಗಸರು ಗೇಟಿನ ಮುಂದಿನ ರಸ್ತೆಯಲ್ಲಿ ಬುತ್ತಿ ಸಮೇತ ವಾಪಸ್ ಬರುತ್ತಿದ್ದರು. ತೋಟದಲ್ಲಿ ಆನೆ ಇದ್ದರೆ ಅವತ್ತು ಕೆಲಸವಿಲ್ಲ. ಕೆಲಸವಿಲ್ಲದಿದ್ದರೆ ಕೂಲಿಯಿಲ್ಲ. ಆ ಗುಂಪಿನಲ್ಲಿ ನನ್ನ ಅಮ್ಮನೂ ಇದ್ದಳು.

ಒಂದೇ ಆನೆ. ಒಂದು ಮನೆಗೆ ಅದರಿಂದ ಬಾಡಿಗೆ ಬರುತ್ತದೆ, ಇನ್ನೊಂದು ಮನೆಯ ದಿನದ ಕೂಲಿ ಹೋಗುತ್ತದೆ. ಇದರಲ್ಲಿ ಯಾರದಾದರೂ ತಪ್ಪಿದೆಯೇ ಎಂದು ಯೋಚಿಸಿದರೂ ಆಗ ಉತ್ತರ ಹೊಳೆದಿರಲಿಲ್ಲ. ಉತ್ತರದ ಸುಳಿವು ಸಿಕ್ಕಿದ್ದು ಇಲ್ಲಿಂದ ಬಹಳ ದೂರದ ಮರುಭೂಮಿಯಲ್ಲಿ.

ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ನಾವು ನಾಲ್ವರು ಗೆಳೆಯರು ಅರಸೀಕೆರೆಯಲ್ಲಿ ರೈಲು ಹತ್ತಿ ಗುಜರಾತಿನ ಕಛ್‌ಗೆ ಹೋಗಿದ್ದೆವು. ಭುಜ್‌ನಿಂದ ಉತ್ತರಕ್ಕೆ 60 ಕಿ.ಮೀ.ಗೂ ಸ್ವಲ್ಪ ಹೆಚ್ಚು ದೂರದಲ್ಲಿ ಹೋಡ್ಕಾ ಎಂಬ ಹಳ್ಳಿ ಇದೆ. ಅದರಾಚೆ ರಣ್‌ನ ಉಪ್ಪಿನ ಬಯಲು, ಅದರಾಚೆ ದೇಶದ ಗಡಿ. ಅಲ್ಲಿನ ‘ಶಾಮ್-ಎ-ಸರ್ಹದ್’ ಎಂಬ ತಂಗುದಾಣದಲ್ಲಿ ಒಂದು ರಾತ್ರಿ ಉಳಿದೆವು. ಹೆಸರಿನ ಅರ್ಥ ‘ಗಡಿಯ ಸಂಜೆ’. ಸಿವಿಲ್ ವಿದ್ಯಾರ್ಥಿಯಾದ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಭೂಂಗಾಗಳು. ಮಣ್ಣಿನ ಗೋಡೆ, ಹುಲ್ಲಿನ ಚಾವಣಿಯ ದುಂಡು ಮನೆಗಳವು. ಗೋಡೆ ದುಂಡಗಿರುವುದರಿಂದ ನೆಲ ಅಲುಗಿದಾಗ ಬೀಳುವ ಬಲ ಒಂದೇ ಮೂಲೆಗೆ ಬೀಳದೆ ಹಂಚಿಹೋಗುತ್ತದೆ. 2001ರ ಜನವರಿ 26ರ ಭೂಕಂಪದಲ್ಲಿ ಕಛ್‌ನ ಎಷ್ಟೋ ಕಟ್ಟಡಗಳು ಕುಸಿದರೂ ಹಲವು ಭೂಂಗಾಗಳು ನಿಂತಿದ್ದವು.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಕಟ್ಟಡವಲ್ಲ, ಅದರ ಒಡೆತನ. ಆ ತಂಗುದಾಣ ಯಾವ ಕಂಪನಿಯದೂ ಅಲ್ಲ, ಒಬ್ಬ ಸಾಹುಕಾರನದೂ ಅಲ್ಲ. ಅದು ಊರಿನದು. ಸುಮಾರು ಎರಡು ದಶಕದ ಹಿಂದೆ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಮತ್ತು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಲ್ಲಿ ಅದು ಶುರುವಾಯಿತು. ನಡೆಸುವುದು ಹಳ್ಳಿಯ ಪ್ರವಾಸೋದ್ಯಮ ಸಮಿತಿ. ರಾತ್ರಿ ನಮಗೆ ಬಾಜ್ರಾ ರೊಟ್ಟಿ ಬಡಿಸಿದ ಹುಡುಗ ನನ್ನದೇ ವಯಸ್ಸಿನವನು. ಮಾಲೀಕರು ಯಾರು ಎಂದು ಹಿಂದಿಯಲ್ಲಿ ಕೇಳಿದೆ. ಕೈ ಬೀಸಿ ಇಡೀ ಊರನ್ನೇ ತೋರಿಸಿದ. ನಾನು ಹೋಮ್‌ಸ್ಟೇಯಲ್ಲಿದ್ದಾಗ ಅದೇ ಪ್ರಶ್ನೆಗೆ ‘ಸರ್ ಬೆಂಗಳೂರಲ್ಲಿರ್ತಾರೆ’ ಎನ್ನುತ್ತಿದ್ದೆ.

ಹೋಡ್ಕಾ ಸ್ವರ್ಗವೇನಲ್ಲ. ಅತಿಥಿಗಳು ಬರುವುದು ಚಳಿಗಾಲದ ಕೆಲವೇ ತಿಂಗಳು. ಅದು ಇರುವ ಬನ್ನಿ ಹುಲ್ಲುಗಾವಲಿನಲ್ಲಿ ಎಲ್ಲಿ ನೋಡಿದರೂ ನಮ್ಮ ಬಳ್ಳಾರಿ ಜಾಲಿ! ಅರಸೀಕೆರೆ ಕಡೆಯವರಿಗೆ ಇದನ್ನು ಪರಿಚಯಿಸಬೇಕಿಲ್ಲ. ಉಪ್ಪುನೆಲ ಹರಡುವುದನ್ನು ತಡೆಯಲೆಂದು 1960ರ ದಶಕದಲ್ಲಿ ಅರಣ್ಯ ಇಲಾಖೆ ಅಲ್ಲಿ ಅದನ್ನು ನೆಟ್ಟಿತು. ಅದು ದನ–ಎಮ್ಮೆಗಳ ಹುಲ್ಲನ್ನೇ ನುಂಗಿತು. ಊರಿನವರನ್ನು ಕೇಳದೆ ಹೊರಗಿನವರು ಊರಿಗೆ ಒಳ್ಳೆಯದು ಮಾಡಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಅದೇ ಸಾಕ್ಷಿ.

ಆನೆಯ ವಿಷಯದಲ್ಲಿ ನಮಗೆ ಇನ್ನೂ ಹತ್ತಿರದ ಉದಾಹರಣೆ ಆಫ್ರಿಕಾದ ನಮೀಬಿಯಾ. ಅಲ್ಲಿನ ಒಣ ಪ್ರದೇಶಗಳಲ್ಲೂ ಆನೆಗಳು ನೀರು ಹುಡುಕಿಕೊಂಡು ಹಳ್ಳಿಗೆ ಬರುತ್ತವೆ, ಬೋರ್‌ವೆಲ್ ತೊಟ್ಟಿ, ಪೈಪು ಮುರಿಯುತ್ತವೆ. 1996ರಲ್ಲಿ ಅಲ್ಲಿನ ಸರ್ಕಾರ ಕಾನೂನು ಬದಲಿಸಿ, ವನ್ಯಜೀವಿಗಳಿಂದ ಬರುವ ಆದಾಯದ ಮೇಲೆ ಹಳ್ಳಿಗರ ಸಂಘಗಳಿಗೆ ಹಕ್ಕು ಕೊಟ್ಟಿತು. 2005ರಲ್ಲಿ ತೆರೆದ ಗ್ರೂಟ್‌ಬರ್ಗ್ ಲಾಡ್ಜ್ ಪೂರ್ತಿಯಾಗಿ ಅಂಥ ಒಂದು ಸಂಘದ ಒಡೆತನದ್ದು. ತೊಟ್ಟಿ ಮುರಿಯುವ ಆನೆಯನ್ನು ನೋಡಲು ಬರುವವರ ದುಡ್ಡು, ತೊಟ್ಟಿ ಮುರಿಸಿಕೊಂಡ ಊರಿಗೇ ಹೋಗುವ ದಾರಿ ಅದು.

ನಮ್ಮಲ್ಲಿ ಆ ದಾರಿ ಇಲ್ಲ. ಆಲೂರು, ಸಕಲೇಶಪುರ, ಬೇಲೂರಿನವರು ಆನೆಯನ್ನು ಬರೀ ನಷ್ಟದ ಬಾಬ್ತಿಗೇ ಬರೆದುಕೊಂಡಿದ್ದೇವೆ. ಹೈಕೋರ್ಟ್ ನೇಮಿಸಿದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು, ಆನೆಗಳನ್ನು ಹಿಡಿದು ಸಾಗಿಸಿದ್ದಾಯಿತು, ರೇಡಿಯೊ ಕಾಲರ್ ಹಾಕಿದ್ದಾಯಿತು. 2023ರ ಡಿಸೆಂಬರ್ 4ರಂದು ಯಸಳೂರು ಬಳಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ದಸರಾ ಅಂಬಾರಿ ಹೊತ್ತಿದ್ದ ಅರ್ಜುನನೇ ಸತ್ತ. ಇಡೀ ನಾಡು ಅತ್ತಿತು. ಆನೆ ತುಳಿದು ಸತ್ತ ಕೂಲಿಯವರಿಗಾಗಿ ಅಷ್ಟೊಂದು ಜನ ಅತ್ತದ್ದನ್ನು ನಾನು ಕಂಡಿಲ್ಲ.

ಅತಿಥಿಗಳಿಗಂತೂ ನಮ್ಮಲ್ಲಿ ಬರವಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಎಷ್ಟೋ ಪ್ರವಾಸಿಗರು ಬೆಳಿಗ್ಗೆ ಚೆನ್ನಕೇಶವನನ್ನು, ಮಧ್ಯಾಹ್ನ ಹೊಯ್ಸಳೇಶ್ವರನನ್ನು ನೋಡಿ ಸಂಜೆಗೆ ಚಿಕ್ಕಮಗಳೂರಿನ ರೆಸಾರ್ಟಿಗೆ ಹೊರಡುತ್ತಾರೆ. ಅವರಲ್ಲಿ ಕೆಲವರಾದರೂ ಊರೇ ನಡೆಸುವ ನಾಲ್ಕು ಕೋಣೆಯ ಅತಿಥಿಗೃಹದಲ್ಲಿ ಒಂದು ರಾತ್ರಿ ಉಳಿಯಬಾರದೇಕೆ?

ಸರ್ಕಾರದ ಹೋಟೆಲ್, ಜಂಗಲ್ ಲಾಡ್ಜಸ್ ಇವೆಯಲ್ಲ ಎನ್ನಬಹುದು. ಇವೆ, ಒಳ್ಳೆಯ ಕೆಲಸವನ್ನೂ ಮಾಡುತ್ತಿವೆ. ಆದರೆ ಸರ್ಕಾರದ ಒಡೆತನ ಬೇರೆ, ಊರಿನ ಒಡೆತನ ಬೇರೆ. ‘ಊರಿನವರೆಲ್ಲ ಸೇರಿ ಏನು ನಡೆಸೋಕಾಗುತ್ತೆ, ಎರಡೇ ದಿನಕ್ಕೆ ಜಗಳ’ ಎಂದು ನನ್ನ ಗೆಳೆಯರೇ ನಗುತ್ತಾರೆ. ಅವರ ಮನೆಯವರೇ ದಿನಾ ಬೆಳಿಗ್ಗೆ ಕ್ಯಾನ್ ಹಿಡಿದು ಎಲ್ಲಿಗೆ ಹೋಗುತ್ತಾರೆ? ಡೇರಿಗೆ. ಹಾಸನ ಜಿಲ್ಲೆಯ ಹಳ್ಳಿಹಳ್ಳಿಯಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘವಿದೆ. ಅಲ್ಲಿಯೂ ಜಗಳವಿದೆ, ರಾಜಕೀಯವಿದೆ, ಫ್ಯಾಟ್ ಕಡಿಮೆ ಬಂತೆಂಬ ಗೊಣಗಾಟವಿದೆ. ಆದರೂ ಒಂದೇ ಹಸು ಇರುವವಳಿಗೂ ಅವಳ ಹಾಲಿನ ಲೆಕ್ಕ, ಅವಳ ದುಡ್ಡು ಸಿಗುತ್ತದೆ. ಹಾಲನ್ನು ಒಟ್ಟಾಗಿ ಮಾರಲು ಬಂದವರಿಗೆ ಅತಿಥಿ ಸತ್ಕಾರವನ್ನು ಒಟ್ಟಾಗಿ ನಡೆಸಲು ಬರುವುದಿಲ್ಲವೇ?

ಒಂದು ಎಚ್ಚರಿಕೆಯಂತೂ ಬೇಕು. ನಮ್ಮದು ಬಯಲು ಮರುಭೂಮಿಯಲ್ಲ. ಇಲ್ಲಿನ ಆನೆ ಕಾಫಿ ಗಿಡದ ಮರೆಯಲ್ಲಿ ಹತ್ತು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ. ಆನೆ ತೋರಿಸುತ್ತೇವೆ ಎಂದು ಜೀಪು ಓಡಿಸುವುದು ಅತಿಥಿಗೂ ಅಪಾಯ, ಆನೆಗೂ ಹಿಂಸೆ, ಮರುದಿನ ಅದೇ ತೋಟಕ್ಕೆ ಹೋಗುವ ಕೂಲಿಯವರಿಗೆ ಎಲ್ಲಕ್ಕಿಂತ ಕಂಟಕ. ಹಾಗಾಗಿ ಊರಿನ ಅತಿಥಿಗೃಹದ ಮೊದಲ ನಿಯಮವೇ ‘ಆನೆ ತೋರಿಸುವುದಿಲ್ಲ’ ಎಂದಿರಬೇಕು. ತೋರಿಸಲು ಕಾಫಿ ಕಣವಿದೆ, ಮೆಣಸಿನ ಬಳ್ಳಿ ಇದೆ, ಅಕ್ಕಿರೊಟ್ಟಿ, ಕಡುಬು ಇದೆ. ಎರಡನೇ ನಿಯಮ, ಪ್ರತಿ ಕೋಣೆಯ ಬಾಡಿಗೆಯಲ್ಲಿ ನಿಗದಿತ ಪಾಲು ಒಂದು ನಿಧಿಗೆ ಹೋಗಬೇಕು. ಆನೆಯಿಂದ ಬೆಳೆ ಅಥವಾ ಕೂಲಿ ಕಳೆದುಕೊಂಡವರಿಗೆ ಅದರಿಂದ ಕೊಡಬೇಕು. ಮೂರನೆಯದು, ತಿಂಗಳ ಲೆಕ್ಕವನ್ನು ಪಂಚಾಯಿತಿ ಗೋಡೆಗೆ ಅಂಟಿಸಬೇಕು.

ಬಂಡವಾಳಕ್ಕೆ ಸ್ತ್ರೀಶಕ್ತಿ ಸಂಘಗಳ ಉಳಿತಾಯವಿದೆ, ಸಹಕಾರ ಸಂಘ ಕಟ್ಟಲು ಕಾನೂನಿದೆ. ಇಲ್ಲದಿರುವುದು ಮುಂದೆ ನಿಂತು ಮಾಡುವವರು. ಬುಕಿಂಗ್ ನೋಡಿಕೊಳ್ಳಲು, ಲೆಕ್ಕ ಬರೆಯಲು, ಸೋಲಾರ್ ಕೂರಿಸಲು, ಕೊಳಚೆ ನೀರು ಹಳ್ಳಕ್ಕೆ ಹೋಗದಂತೆ ಗುಂಡಿ ಕಟ್ಟಲು ಓದಿದವರು ಬೇಕು. ನಾವು ಓದಿದವರೆಲ್ಲ ಬೆಂಗಳೂರಿನ ಬಸ್ಸು ಹತ್ತುತ್ತಿದ್ದೇವೆ. ಮುಂದಿನ ವರ್ಷ ಪ್ಲೇಸ್‌ಮೆಂಟ್‌ಗೆ ನಾನೂ ಕೂರುತ್ತೇನೆ. ಮನೆಯ ಸಾಲ ಇರುವಾಗ ಊರಲ್ಲೇ ಉಳಿಯುತ್ತೇನೆಂದು ಇಲ್ಲಿ ದೊಡ್ಡ ಮಾತು ಬರೆದರೆ ಅದು ಸುಳ್ಳಾಗುತ್ತದೆ. ಆದರೆ ಒಂದು ಯೋಜನಾ ವರದಿ ಬರೆದು, ನಕ್ಷೆ ಹಾಕಿ ಗ್ರಾಮಸಭೆಯ ಮುಂದಿಡಲು ಕೆಲಸ ಬಿಡಬೇಕಿಲ್ಲ. ಅಷ್ಟನ್ನು ನಾನು ಮಾಡಬಲ್ಲೆ. ನಿಮ್ಮ ಊರಿಗಾಗಿ ನೀವೂ ಮಾಡಬಲ್ಲಿರಿ.

ಕಛ್‌ನಿಂದ ಬಂದ ದಿನ ಅಮ್ಮನಿಗೆ ಎಲ್ಲ ಫೋಟೊ ತೋರಿಸಿದೆ. ಭೂಂಗಾ, ಉಪ್ಪಿನ ಬಯಲು, ಕನ್ನಡಿ ಕೂರಿಸಿದ ಗೋಡೆ. ಎಲ್ಲ ನೋಡಿ ಅವಳು ಕೇಳಿದ್ದು ಒಂದೇ: ‘ಅಲ್ಲಿ ಅಡುಗೆ ಮಾಡೋ ಹೆಂಗಸ್ರಿಗೆ ದಿನಕ್ಕೆ ಎಷ್ಟು ಕೊಡ್ತಾರಪ್ಪ?’ ನಾನು ಕೇಳಿಕೊಂಡು ಬಂದಿರಲಿಲ್ಲ. ನಮ್ಮೂರಿನ ವರದಿ ಬರೆಯುವಾಗ ಆ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.